ಹೆಸರು ನೋಡಬೇಡಿ, ಬೋರ್ಡ್ ನೋಡಿ

ಕೇಳುಗರೇ, ನಮಸ್ಕಾರ.

ನಿಮ್ಮ ಮನೆಯ ಅಟ್ಟದ ಮೇಲೋ, ಬೀರುವಿನ ಕೆಳಗಿನ ಖಾನೆಯಲ್ಲೋ ಒಂದು ಹಳೆಯ ಲ್ಯಾಪ್‌ಟಾಪ್ ಇರಬಹುದು. ಕಪ್ಪಗೆ, ದಪ್ಪಗೆ, ಒಂದೇ ಕೈಯಲ್ಲಿ ಎತ್ತಿದರೆ ಮಣಿಕಟ್ಟು ನೋಯುವಂಥದ್ದು. "ಇದು ಮುಗೀತು, ಗುಜರಿಗೆ ಹಾಕಿ" ಅಂತ ಯಾರೋ ಹೇಳಿರುತ್ತಾರೆ. ದಯವಿಟ್ಟು ಹಾಕಬೇಡಿ. ಹೊಸ ಮೆಷಿನ್‌ಗಳಿಗೆ ಸಿಗದ ಒಂದು ಸ್ವಾತಂತ್ರ್ಯ ಅಂಥ ಕೆಲವು ಮೆಷಿನ್‌ಗಳಿಗೆ ಸಿಗುತ್ತದೆ. ಇವತ್ತು ಅದನ್ನೇ ಹೇಳಲು ಬಂದಿದ್ದೇನೆ.

ಬೆಳಿಗ್ಗೆ ಶಾಲೆಗೆ ಎಲ್ಲರಿಗಿಂತ ಮೊದಲು ಬರುವವರು ಯಾರು? ಹೆಡ್‌ಮಾಸ್ತರಲ್ಲ, ಜವಾನರು. ಅವರು ಬಂದು ಗೇಟು ತೆಗೆಯುತ್ತಾರೆ, ಒಂದೊಂದೇ ಕೋಣೆಯ ಬೀಗ ತೆಗೆಯುತ್ತಾರೆ, ಬೆಲ್ ಹೊಡೆಯುತ್ತಾರೆ. ಆಮೇಲೆ ಪಾಠ ಶುರು. ಕಂಪ್ಯೂಟರ್‌ನಲ್ಲೂ ಹಾಗೇ. ನೀವು ಪವರ್ ಬಟನ್ ಒತ್ತಿದಾಗ ವಿಂಡೋಸ್ ಆಗಲಿ, ಲಿನಕ್ಸ್ ಆಗಲಿ ತಕ್ಷಣ ಬರುವುದಿಲ್ಲ. ಮದರ್‌ಬೋರ್ಡ್ ಮೇಲೆ ಉಗುರಿಗಿಂತ ಚಿಕ್ಕದಾದ ಒಂದು ಚಿಪ್ ಇರುತ್ತದೆ. ಅದರಲ್ಲಿರುವ ಪ್ರೋಗ್ರಾಮ್ ಮೊದಲು ಏಳುತ್ತದೆ. ರ‍್ಯಾಮ್ ಎಬ್ಬಿಸುತ್ತದೆ, ಪರದೆ ಎಬ್ಬಿಸುತ್ತದೆ, ಹಾರ್ಡ್ ಡಿಸ್ಕ್ ಹುಡುಕುತ್ತದೆ. ನಾವು ಬಯಾಸ್ ಅನ್ನುತ್ತೇವಲ್ಲ, ಅದೇ ಇದು.

ಈ ಪ್ರೋಗ್ರಾಮ್ ಸಾಮಾನ್ಯವಾಗಿ ಕಂಪನಿಯ ಸ್ವತ್ತು. ಒಳಗೆ ಏನು ಬರೆದಿದೆ ಅಂತ ನಿಮಗೆ ತೋರಿಸುವುದಿಲ್ಲ. ಮನೆಯ ಎಲ್ಲ ಕೋಣೆಯ ಬೀಗದ ಕೈ ಒಬ್ಬರ ಹತ್ತಿರ ಇದೆ, ಅವರ ಮುಖ ಮಾತ್ರ ನೀವು ನೋಡುವ ಹಾಗಿಲ್ಲ. ನನಗೆ ಇದು ಒಪ್ಪಿಗೆಯಾಗುವುದಿಲ್ಲ. ಮೆಷಿನ್ ನಮ್ಮದು, ದುಡ್ಡು ನಮ್ಮದು, ಮೊದಲು ಏಳುವ ಪ್ರೋಗ್ರಾಮ್ ಮಾತ್ರ ಯಾಕೆ ಇನ್ನೊಬ್ಬರದ್ದಾಗಿರಬೇಕು?

ಇದೇ ಥರದ ಪ್ರಶ್ನೆಯಿಂದ 1999ರಲ್ಲಿ ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದಲ್ಲಿ ಒಂದು ಕೆಲಸ ಶುರುವಾಯಿತು. ರಾನ್ ಮಿನ್ನಿಚ್ ಅನ್ನುವವರು ಅಲ್ಲಿ ಕಂಪನಿಯ ಬಯಾಸ್ ಬದಲಿಗೆ ಹಾಕುವ ಲಿನಕ್ಸ್‌ಬಯಾಸ್ ಕಟ್ಟಿದರು. ಸಾಲುಸಾಲಾಗಿ ಕಂಪ್ಯೂಟರ್ ಜೋಡಿಸಿದ ಕೋಣೆಯನ್ನು ಊಹಿಸಿಕೊಳ್ಳಿ. ಒಂದೊಂದಕ್ಕೂ ಕೀಬೋರ್ಡ್ ಸಿಕ್ಕಿಸಿ "ಮುಂದುವರಿಯಲು ಕೀ ಒತ್ತಿ" ಅನ್ನುವ ಬಯಾಸ್‌ಗೆ ಉತ್ತರ ಕೊಡುತ್ತಾ ಕೂತರೆ ಕೆಲಸ ಆಗುತ್ತದಾ? 2008ರಲ್ಲಿ ಅದರ ಹೆಸರು ಕೋರ್‌ಬೂಟ್ ಅಂತಾಯಿತು. 2013ರ ಕೊನೆಯಲ್ಲಿ ಅದರ ಮೇಲೆಯೇ ಲಿಬ್ರೆಬೂಟ್ ಬಂತು. ಕೋರ್‌ಬೂಟನ್ನು ಮೊದಲೇ ಸಿದ್ಧಮಾಡಿ, ಮನೆಯಲ್ಲೇ ಹಾಕಿಕೊಳ್ಳುವ ಹಾಗೆ ಕೊಡುತ್ತಾರೆ. ಎರಡೂ ಮುಕ್ತ ತಂತ್ರಾಂಶ. ಪುಕ್ಕಟೆ ಅನ್ನುವುದು ಇಲ್ಲಿ ದೊಡ್ಡ ಮಾತಲ್ಲ. ತೆರೆದು ಓದಬಹುದು, ಬದಲಾಯಿಸಬಹುದು, ಅದು ದೊಡ್ಡದು.

ಈಗ ನಾನು ಹೇಳಲೇಬೇಕಾದ ಮಾತಿಗೆ ಬರುತ್ತೇನೆ. ಲಿನಕ್ಸ್ ಹೆಚ್ಚುಕಡಿಮೆ ಎಲ್ಲ ಕಂಪ್ಯೂಟರ್‌ಗೂ ಹೋಗುತ್ತದೆ. ಹಾಗಾಗಿ ಈ ಮುಕ್ತ ಬಯಾಸೂ ಎಲ್ಲದಕ್ಕೂ ಹೋಗುತ್ತದೆ ಅಂತ ಜನ ತಿಳಿದುಕೊಳ್ಳುತ್ತಾರೆ. ಹೋಗುವುದಿಲ್ಲ. ಒಂದು ಶಾಲೆಯ ಬೀಗದ ಕೈ ಗೊಂಚಲು ಇನ್ನೊಂದು ಶಾಲೆಗೆ ಆಗುತ್ತದಾ? ಪ್ರತಿಯೊಂದು ಬೋರ್ಡ್‌ಗೂ ಅದರದ್ದೇ ಕೋಡ್ ಬೇಕು. ಅದಕ್ಕೇ ಹೇಳುವುದು: ಹೆಸರು ನೋಡಬೇಡಿ, ಬೋರ್ಡ್ ನೋಡಿ. ಲ್ಯಾಪ್‌ಟಾಪ್ ಮುಚ್ಚಳದ ಮೇಲಿನ ಹೆಸರು ನಿಮಗೆ ಅರ್ಧ ವಿಷಯವನ್ನೂ ಹೇಳುವುದಿಲ್ಲ.

ಇದು ನನಗೆ ಗಟ್ಟಿಯಾಗಿ ಮನಸ್ಸಿಗೆ ಹತ್ತಿದ್ದು ಒಬ್ಬ ಹುಡುಗನಿಂದ. ನಾನು ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡುವವನು. ಒಂದು ಶುಕ್ರವಾರ ಲ್ಯಾಬ್ ಮುಗಿಸಿ ಬೀಗ ಹಾಕುತ್ತಿದ್ದೆ. ಎರಡನೇ ವರ್ಷದ ಹುಡುಗ, ಬ್ಯಾಗನ್ನು ಎದೆಗೆ ಅವಚಿಕೊಂಡು ಬಂದ. "ಸರ್, ಐದು ನಿಮಿಷ" ಅಂದ. ಒಳಗಿಂದ ಒಂದು ಥಿಂಕ್‌ಪ್ಯಾಡ್ ಟಿ60 ತೆಗೆದ. 2006ರ ಮಾಡೆಲ್. ಅಂಗೈ ಇಡುವ ಜಾಗ ಸವೆದು ನುಣುಪಾಗಿತ್ತು. ರಜೆಯಲ್ಲಿ ಮದುವೆ ಮನೆಗಳಲ್ಲಿ ಬಡಿಸಿ ಕೂಡಿಟ್ಟ ದುಡ್ಡಿನಲ್ಲಿ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ತಂದಿದ್ದ. "ಲಿಬ್ರೆಬೂಟ್ ಹಾಕಬೇಕು ಸರ್, ಅದು ಹೋಗುವ ಮೆಷಿನ್‌ಗಳ ಪಟ್ಟಿಯಲ್ಲಿ ಟಿ60 ಇದೆ, ನೋಡಿಕೊಂಡೇ ತಂದೆ" ಅಂದ. ಮುಖದಲ್ಲಿ ಅಷ್ಟು ಖುಷಿ.

ಪೆನ್‌ಡ್ರೈವ್‌ನಿಂದ ಲಿನಕ್ಸ್ ಎಬ್ಬಿಸಿದೆವು. ಒಂದು ಕಮಾಂಡ್ ಇದೆ, ಎಲ್‌ಎಸ್‌ಪಿಸಿಐ ಅಂತ. ಮೆಷಿನ್ ಒಳಗೆ ಯಾವ ಯಾವ ಚಿಪ್ ಇದೆ ಅಂತ ಸಾಲಾಗಿ ತೋರಿಸುತ್ತದೆ. ಅದನ್ನು ಟೈಪ್ ಮಾಡಿಸಿದೆ. ವಿಜಿಎ ಅಂತ ಶುರುವಾಗುವ ಸಾಲಿನ ಮೇಲೆ ಬೆರಳಿಟ್ಟೆ. ಅಲ್ಲಿ ಇಂಟೆಲ್ ಅಂತ ಇರಬೇಕಿತ್ತು. ಎಟಿಐ ಮೊಬಿಲಿಟಿ ರೇಡಿಯಾನ್ ಅಂತ ಇತ್ತು.

ಟಿ60 ಅನ್ನುವ ಒಂದೇ ಹೆಸರಿನಲ್ಲಿ ಎರಡು ಥರದ ಬೋರ್ಡ್ ಬಂದಿವೆ. ಒಂದರಲ್ಲಿ ಪರದೆ ನಡೆಸುವುದು ಇಂಟೆಲ್ ಚಿಪ್‌ಸೆಟ್, ಅಂದರೆ ಪ್ರೊಸೆಸರ್ ಜೊತೆ ಕೆಲಸ ಮಾಡುವ ಬೋರ್ಡ್ ಮೇಲಿನ ಚಿಪ್‌ಗಳು. ಅದನ್ನು ಎಬ್ಬಿಸುವ ಕೋಡ್ ಮುಕ್ತವಾಗಿ ಇದೆ. ಇನ್ನೊಂದರಲ್ಲಿ ಎಟಿಐ ಗ್ರಾಫಿಕ್ಸ್. ಅದನ್ನು ಎಬ್ಬಿಸಲು ಕಂಪನಿಯ ಮುಚ್ಚಿದ ಕೋಡ್ ಬೇಕು. ಹೊರಗಿಂದ ನೋಡಿದರೆ ಎರಡೂ ಅವಳಿ ಮಕ್ಕಳ ಹಾಗೆ. ಹುಡುಗ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ "ಪಟ್ಟಿಯಲ್ಲಿ ಇತ್ತಲ್ಲ ಸರ್?" ಅಂದ. ಇಬ್ಬರೂ ಕೂತು ಪಟ್ಟಿ ತೆಗೆದು ನೋಡಿದೆವು. ಇತ್ತು. ಪಕ್ಕದಲ್ಲೇ, ಇಂಟೆಲ್ ಗ್ರಾಫಿಕ್ಸ್ ಇದ್ದರೆ ಮಾತ್ರ ಅಂತಲೂ ಇತ್ತು. ಅವನು ಹೆಸರು ಓದಿದ್ದ, ಪಕ್ಕದ ಸಾಲು ಓದಿರಲಿಲ್ಲ.

"ಬೇಜಾರು ಮಾಡ್ಕೋಬೇಡಪ್ಪ, ದಾರಿ ಇದೆ" ಅಂದೆ. ನಿಜವಾಗಿಯೂ ಇತ್ತು. ಇಂಟೆಲ್ ಬೋರ್ಡ್ ಸಿಕ್ಕರೆ ಅದೇ ಕವಚದಲ್ಲಿ ಕೂರಿಸಬಹುದು. ಮೂರು ಶನಿವಾರ ಅಲೆದ. ಮೂರನೇ ವಾರ ಪರದೆ ಒಡೆದ ಇನ್ನೊಂದು ಟಿ60 ತಂದ. ಈ ಸಲ ಅಂಗಡಿಯಲ್ಲೇ ಬೇರೆ ಪರದೆಗೆ ಸಿಕ್ಕಿಸಿ, ಆ ಕಮಾಂಡ್ ಹೊಡೆದು, ಇಂಟೆಲ್ ಅಂತ ಕಣ್ಣಾರೆ ನೋಡಿ ತಂದಿದ್ದ. ನನಗೆ ಎಷ್ಟು ಸಂತೋಷವಾಯಿತು ಗೊತ್ತಾ!

ಎರಡೂ ಮೆಷಿನ್ ಬಿಚ್ಚಿದೆವು. ಒಂದು ದೊಡ್ಡ ಹಾಳೆಯ ಮೇಲೆ ಲ್ಯಾಪ್‌ಟಾಪಿನ ಚಿತ್ರ ಬರೆದು, ಎಲ್ಲಿಂದ ಬಿಚ್ಚಿದ ಸ್ಕ್ರೂ ಅಲ್ಲೇ ಟೇಪ್ ಹಾಕಿ ಅಂಟಿಸಿದೆವು. ಥಿಂಕ್‌ಪ್ಯಾಡ್‌ನಲ್ಲಿ ಸ್ಕ್ರೂಗಳ ಉದ್ದ ಬೇರೆ ಬೇರೆ. ಉದ್ದದ್ದನ್ನು ಗಿಡ್ಡದರ ಜಾಗಕ್ಕೆ ತಿರುಗಿಸಿದರೆ ಬೋರ್ಡ್‌ಗೆ ಏಟು ಬೀಳಬಹುದು. ಫ್ಯಾನ್ ಜೊತೆಗಿನ ಹೀಟ್‌ಸಿಂಕ್ ಕೂಡ ಬದಲಾಯಿಸಬೇಕಾಯಿತು, ಎಟಿಐ ಬೋರ್ಡಿನದ್ದು ಬೇರೆ ಆಕಾರ. ಪ್ರೊಸೆಸರ್ ಮೇಲಿನ ಪೇಸ್ಟ್ ಒಣಗಿ ಸುಣ್ಣದ ಚಕ್ಕೆಯ ಹಾಗೆ ಏಳುತ್ತಿತ್ತು. ಅದನ್ನು ಒರೆಸಿ ಹೊಸದು ಹಚ್ಚಿದೆವು.

ಆಮೇಲೆ ಲಿಬ್ರೆಬೂಟ್ ಬರೆಯುವ ಕೆಲಸ. ಟಿ60ಯಲ್ಲಿ, ಅದರ ತಮ್ಮನಂತಿರುವ ಎಕ್ಸ್60ಯಲ್ಲಿ ಒಂದು ಅನುಕೂಲ ಇದೆ. ಚಿಪ್‌ಗೆ ಹೊರಗಿಂದ ವೈರ್ ಹಾಕಬೇಕಾಗಿಲ್ಲ, ಲಿನಕ್ಸ್‌ನೊಳಗಿಂದಲೇ ಫ್ಲ್ಯಾಶ್‌ರಾಮ್ ಅನ್ನುವ ಪ್ರೋಗ್ರಾಮ್‌ನಿಂದ ಬರೆಯಬಹುದು. ಆದರೆ ಎರಡು ಸಲ ಬರೆಯಬೇಕು. ಕಂಪನಿ ಚಿಪ್‌ನ ಕೊನೆಯ ತುಣುಕಿಗೆ ಬೀಗ ಹಾಕಿರುತ್ತದೆ. ಮೊದಲ ಸಲ ಬರೆದು, ಬೋರ್ಡ್‌ಗೆ "ಪಕ್ಕದ ತುಣುಕಿನಿಂದ ಏಳು" ಅಂತ ಗುರುತು ಹಾಕಿ, ಆಫ್ ಮಾಡಿ, ಮತ್ತೆ ಆನ್ ಮಾಡಿ, ಎರಡನೇ ಸಲ ಪೂರ್ತಿ ಬರೆಯಬೇಕು. ಆ ಗುರುತನ್ನು ಉಳಿಸಿಕೊಳ್ಳುವುದು ಬೋರ್ಡ್ ಮೇಲಿನ ಪುಟ್ಟ ಹಳದಿ ಬ್ಯಾಟರಿ. ಮೊದಲ ಸಲ ಆಫ್ ಮಾಡಿದ ಮೇಲೆ ನಮ್ಮ ಹುಡುಗ ಅಚ್ಚುಕಟ್ಟಾಗಿ ಮಾಡೋಣ ಅಂತ ಆ ಬ್ಯಾಟರಿಯ ವೈರ್‌ಗೆ ಕೈ ಹಾಕಿದ. ಗಬಕ್ಕನೆ ಅವನ ಕೈ ಹಿಡಿದೆ. ಅದನ್ನು ಕಿತ್ತಿದ್ದರೆ ಮೆಷಿನ್ ಏಳುತ್ತಲೇ ಇರಲಿಲ್ಲ.

ಎರಡನೇ ಸಲವೂ ಬರೆದು ಬಟನ್ ಒತ್ತಿದೆವು. ಪರದೆ ಒಂದು ಕ್ಷಣ ಕಪ್ಪಗಿತ್ತು. ಇಬ್ಬರೂ ಉಸಿರು ಬಿಗಿಹಿಡಿದು ನಿಂತಿದ್ದೆವು. ಕಂಪನಿಯ ಲೋಗೋ ಬರುತ್ತಿದ್ದ ಜಾಗದಲ್ಲಿ, ಲಿನಕ್ಸನ್ನು ಎಬ್ಬಿಸುವ ಗ್ರಬ್ ಮೆನು ಬಂತು. "ಬಂತು ಸರ್!" ಅಂತ ಅವನು ಕೂಗಿದ್ದಕ್ಕೆ ಕಾರಿಡಾರ್‌ನಲ್ಲಿದ್ದವರು ಒಳಗೆ ಇಣುಕಿ ನೋಡಿದರು.

ಸ್ಟುಡಿಯೋದಲ್ಲಿ ಗಡಿಯಾರ ತೋರಿಸುತ್ತಿದ್ದಾರೆ. ಈ ಕಥೆಗೇ ಜಾಸ್ತಿ ಹೊತ್ತಾಯಿತು. ಉಳಿದದ್ದನ್ನು ಬೇಗ ಹೇಳುತ್ತೇನೆ, ಪೆನ್ನು ಹಿಡಿದುಕೊಳ್ಳಿ.

ಈಗ ಹೊಸದಾಗಿ ಹುಡುಕುವವರಿಗೆ ನಾನು ಹೇಳುವುದು ಥಿಂಕ್‌ಪ್ಯಾಡ್‌ನಲ್ಲೇ ಎಕ್ಸ್200 ಅಥವಾ ಟಿ400. 2008ರ ಮೆಷಿನ್‌ಗಳು. 8 ಜಿಬಿವರೆಗೆ ರ‍್ಯಾಮ್ ಹಾಕಬಹುದು. ಎಕ್ಸ್60ಗೆ 3 ಜಿಬಿಯೇ ಮಿತಿ. ಅದೂ ಅಲ್ಲದೆ ಎಕ್ಸ್60, ಟಿ60ಗಳಲ್ಲಿ ಕೆಲವಕ್ಕೆ ಕೋರ್ ಡುಯೋ ಪ್ರೊಸೆಸರ್ ಇರುತ್ತದೆ, ಅದು 32-ಬಿಟ್. ಡೆಬಿಯನ್ ಅನ್ನುವ ಲಿನಕ್ಸ್‌ನ 13ನೇ ಆವೃತ್ತಿಯಲ್ಲಿ 32-ಬಿಟ್ ಪಿಸಿಗೆ ಇನ್‌ಸ್ಟಾಲರ್ ಇಲ್ಲ. ಕೋರ್ 2 ಡುಯೋ ಇದ್ದರೆ ಚಿಂತೆ ಇಲ್ಲ. ಆ "2" ಇದೆಯಾ ಅಂತ ನೋಡಿ.

ಎಕ್ಸ್200, ಟಿ400 ಎರಡರಲ್ಲೂ ಇರುವುದು ಜಿಎಂ45 ಚಿಪ್‌ಸೆಟ್. ಈ ಹೆಸರು ಬರೆದುಕೊಳ್ಳಿ. ಇಂಟೆಲ್ ಬೋರ್ಡ್‌ಗಳಲ್ಲಿ ಮ್ಯಾನೇಜ್‌ಮೆಂಟ್ ಎಂಜಿನ್, ಚಿಕ್ಕದಾಗಿ ಎಂಇ, ಅಂತ ಒಂದಿದೆ. ನಿಮ್ಮ ಪ್ರೊಸೆಸರ್ ಪಕ್ಕದಲ್ಲೇ ಕೂತ ಇನ್ನೊಂದು ಪುಟ್ಟ ಕಂಪ್ಯೂಟರ್. ಅದಕ್ಕೆ ಅದರದ್ದೇ ಮುಚ್ಚಿದ ಪ್ರೋಗ್ರಾಮ್. ಜಿಎಂ45ರಲ್ಲಿ ಅದನ್ನು ಪೂರ್ತಿ ತೆಗೆದುಹಾಕಬಹುದು. ಒಂದು ಚೂರೂ ಉಳಿಯುವುದಿಲ್ಲ. ಅದರ ನಂತರದ ತಲೆಮಾರುಗಳಲ್ಲಿ ತೆಗೆದರೆ ಮೆಷಿನ್ 30 ನಿಮಿಷಕ್ಕೆ ತಾನೇ ಆಫ್ ಆಗುತ್ತದೆ. ಹಾಗಾಗಿ 2011ರ ಎಕ್ಸ್220, 2012ರ ಎಕ್ಸ್230 ಇಂಥವುಗಳಲ್ಲಿ ಎಂಇ ಕ್ಲೀನರ್ ಅನ್ನುವ ಪ್ರೋಗ್ರಾಮ್ ಬಳಸಿ ಬಹುಪಾಲು ಕತ್ತರಿಸುತ್ತಾರೆ, ಸ್ವಲ್ಪ ಉಳಿಸುತ್ತಾರೆ. 2013ರಿಂದ ಬೂಟ್ ಗಾರ್ಡ್ ಅಂತ ಇನ್ನೊಂದು ಬೀಗ ಬಂತು. ಅದನ್ನು ಹಾಕಿದ ಮೆಷಿನ್ ಕಂಪನಿಯ ಸಹಿ ಇಲ್ಲದ ಬಯಾಸನ್ನು ಒಪ್ಪುವುದೇ ಇಲ್ಲ. ಅದೇ ವರ್ಷದ ಟಿ440ಪಿಗೆ ಆ ಬೀಗ ಇಲ್ಲ, ಅದಕ್ಕೇ ಅದನ್ನು ಹುಡುಕಿಕೊಂಡು ಹೋಗುತ್ತಾರೆ. ನೋಡಿದಿರಾ, ಮತ್ತೆ ಅದೇ ಮಾತು. ಹೆಸರಲ್ಲ, ಒಳಗಿನ ಬೋರ್ಡ್.

ಎಕ್ಸ್200 ಅಂದೆ. ಎಕ್ಸ್200ಎಸ್ ಬೇರೆ! ಎಕ್ಸ್200ರಲ್ಲಿ ಬಯಾಸ್ ಚಿಪ್‌ಗೆ ಎರಡೂ ಬದಿ ಕಾಲುಗಳಿರುತ್ತವೆ. ಕೆಲವದಕ್ಕೆ 8 ಕಾಲು, ಕೆಲವದಕ್ಕೆ 16. ಬಟ್ಟೆ ಒಣಗಿಸುವ ಕ್ಲಿಪ್ಪಿನ ಹಾಗಿರುವ ಒಂದು ಕ್ಲಿಪ್ ಸಿಗುತ್ತದೆ, ಅದನ್ನು ಕಚ್ಚಿಸಿ ಬರೆಯಬಹುದು. ಎಕ್ಸ್200ಎಸ್‌ನ ಚಿಪ್‌ಗೆ ಕಾಲೇ ಇಲ್ಲ, ಬೋರ್ಡ್‌ಗೆ ಅಂಟಿಕೊಂಡ ಹಾಗಿರುತ್ತದೆ. ಕ್ಲಿಪ್ ನಿಲ್ಲುವುದಿಲ್ಲ, ಬೆಸುಗೆ ಹಾಕಬೇಕು. ಒಂದು ಅಕ್ಷರದ ವ್ಯತ್ಯಾಸ, ಅಷ್ಟೇ. ಎಕ್ಸ್200ರ ಚಿಪ್ ಅಂಗೈ ಇಡುವ ಪ್ಲಾಸ್ಟಿಕ್ಕಿನ ಕೆಳಗಿದೆ, ಕೀಬೋರ್ಡ್ ಮತ್ತು ಆ ಪ್ಲಾಸ್ಟಿಕ್ ತೆಗೆದರೆ ಕೈಗೆ ಸಿಗುತ್ತದೆ. ಟಿ400ನ್ನು ಪೂರ್ತಿ ಬಿಚ್ಚಬೇಕು. ಮೊದಲ ಸಲದವರು ಎಕ್ಸ್200 ತೆಗೆದುಕೊಳ್ಳಿ.

ಕ್ಲಿಪ್ ಹಾಕುವ ಮೊದಲು ಚಾರ್ಜರ್ ಕೀಳಿ, ಬ್ಯಾಟರಿ ತೆಗೆಯಿರಿ. ಚಿಪ್ ಮೇಲೆ ಒಂದು ಪುಟ್ಟ ಚುಕ್ಕೆ ಇರುತ್ತದೆ, ಒಂದನೇ ಕಾಲು ಅಲ್ಲಿ. ಚಿಪ್‌ಗೆ ಬೇಕಾದದ್ದು 3.3 ವೋಲ್ಟ್. ಕ್ಲಿಪ್ ಮೂಲಕ ಚಿಪ್‌ಗೆ ಬರೆಯುವ ಸಾಧನಕ್ಕೆ ಪ್ರೋಗ್ರಾಮರ್ ಅನ್ನುತ್ತಾರೆ, ಮಾರ್ಕೆಟ್‌ನಲ್ಲಿ ಸಿಗುವ ಕೆಲವು ಅಗ್ಗದ ಕಪ್ಪು ಪ್ರೋಗ್ರಾಮರ್‌ಗಳು ಡೇಟಾ ಕಾಲುಗಳಿಗೆ 5 ವೋಲ್ಟ್ ಬಿಡುತ್ತವೆ. ಅದನ್ನು ಬಳಸಬೇಡಿ. ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಇದ್ದರೆ ಅದರಿಂದಲೇ ಆಗುತ್ತದೆ.

ವೈಫೈ ಕಾರ್ಡ್ ಬಗ್ಗೆ ಒಂದು ಮಾತು. ಕಂಪನಿಯ ಬಯಾಸ್ ತನ್ನ ಪಟ್ಟಿಯಲ್ಲಿಲ್ಲದ ಕಾರ್ಡ್ ಹಾಕಿದರೆ ಮೆಷಿನನ್ನೇ ಏಳಲು ಬಿಡುವುದಿಲ್ಲ, 1802 ಅಂತ ಎರರ್ ತೋರಿಸಿ ನಿಲ್ಲುತ್ತದೆ. ಮುಕ್ತ ಬಯಾಸ್‌ಗೆ ಆ ಹಠ ಇಲ್ಲ. ಆದರೆ ಹಳೆಯ ಇಂಟೆಲ್ ವೈಫೈ ಕಾರ್ಡ್‌ಗೆ ಮುಚ್ಚಿದ ಫರ್ಮ್‌ವೇರ್, ಅಂದರೆ ಕಾರ್ಡಿನೊಳಗೆ ಓಡುವ ಕಂಪನಿಯ ಪ್ರೋಗ್ರಾಮ್, ಬೇಕು. ಎಥೆರಾಸ್ ಎಆರ್9285 ಥರದ್ದು ಹಾಕಿ, ಅದಕ್ಕೆ ಬೇಡ. ಮೊದಲು ಬಯಾಸ್, ಆಮೇಲೆ ಕಾರ್ಡ್. ಈ ಕ್ರಮ ತಪ್ಪಿಸಬೇಡಿ.

ಇನ್ನೊಂದೇ ನಿಮಿಷ ಇದೆ. ಇದನ್ನು ಹೇಳದೆ ಏಳುವ ಹಾಗಿಲ್ಲ. ಚಿಪ್‌ಗೆ ಏನನ್ನಾದರೂ ಬರೆಯುವ ಮೊದಲು ಒಳಗೆ ಇರುವುದನ್ನು ಓದಿ ಫೈಲ್ ಮಾಡಿಟ್ಟುಕೊಳ್ಳಿ. ಒಂದು ಸಲವಲ್ಲ, ಎರಡು ಸಲ ಓದಿ. ಎರಡೂ ಫೈಲಿನ ಚೆಕ್‌ಸಮ್, ಅಂದರೆ ಒಳಗಿರುವುದರಿಂದ ಲೆಕ್ಕಹಾಕಿದ ಗುರುತಿನ ಸಂಖ್ಯೆ, ತಾಳೆ ನೋಡಿ. ತಾಳೆಯಾಗದಿದ್ದರೆ ಕ್ಲಿಪ್ ಸರಿಯಾಗಿ ಕೂತಿಲ್ಲ ಅಂತ ಅರ್ಥ. ತೆಗೆದು ಮತ್ತೆ ಕಚ್ಚಿಸಿ, ಮತ್ತೆ ಓದಿ. ಎಕ್ಸ್200ರಲ್ಲಿ ಮ್ಯಾಕ್ ವಿಳಾಸ, ಅಂದರೆ ನೆಟ್‌ವರ್ಕ್‌ನಲ್ಲಿ ಮೆಷಿನನ್ನು ಗುರುತಿಸುವ ಸಂಖ್ಯೆ, ಅದೂ ಆ ಚಿಪ್‌ನಲ್ಲೇ ಇರುತ್ತದೆ. ಹೊಸ ಫೈಲಿಗೆ ನಿಮ್ಮದನ್ನು ಸೇರಿಸಿ ಆಮೇಲೆ ಬರೆಯಿರಿ. ಹಳೆಯ ಫೈಲನ್ನು ಒಂದು ಪೆನ್‌ಡ್ರೈವ್‌ಗೆ ಹಾಕಿ, ಲ್ಯಾಪ್‌ಟಾಪಿನ ತಳದಲ್ಲಿರುವ ಸೀರಿಯಲ್ ನಂಬರನ್ನು ಚೀಟಿಯಲ್ಲಿ ಬರೆದು ಅದಕ್ಕೆ ಅಂಟಿಸಿ, ಮನೆಯ ಕಾಗದಪತ್ರ ಇಡುವ ಕಡೆ ಎತ್ತಿಡಿ.

ನಮಸ್ಕಾರ.