ಕೆಂಪಗಿದೆ ಅಂತ ದಾಳಿಂಬೆ ರಕ್ತ ಹೆಚ್ಚಿಸಲ್ಲ

ನಮಸ್ಕಾರ. ಮನೆಯಲ್ಲಿ ಯಾರಿಗಾದ್ರೂ ಹಿಮೋಗ್ಲೋಬಿನ್ ಕಡಿಮೆ ಇದೆ ಅಂತ ರಿಪೋರ್ಟ್ ಬಂತು ಅಂದ್ರೆ ಅವತ್ತು ಸಂಜೆಗೇ ದಾಳಿಂಬೆ ಬರುತ್ತೆ. ಬಾಣಂತಿ ನೋಡೋಕೆ ಹೋಗೋರ ಚೀಲದಲ್ಲಿ ದಾಳಿಂಬೆ, ಆಸ್ಪತ್ರೆ ಮಂಚದ ಪಕ್ಕದ ಸ್ಟೂಲ್ ಮೇಲೂ ದಾಳಿಂಬೆ. ತಂದುಕೊಡೋರ ಪ್ರೀತಿ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಆ ಪ್ರೀತಿಯ ಹಿಂದಿರೋ ನಂಬಿಕೆ ತಪ್ಪು, ಆ ತಪ್ಪಿನಿಂದ ಹೆಣ್ಣುಮಕ್ಕಳ ಆರೋಗ್ಯ ಹಾಳಾಗ್ತಿದೆ. ಅದನ್ನೇ ಇವತ್ತು ನೇರವಾಗಿ ಹೇಳ್ಬೇಕು. ದಾಳಿಂಬೆ ಒಳ್ಳೇ ಹಣ್ಣು, ರಕ್ತಹೀನತೆಗೆ ಔಷಧಿ ಅಲ್ಲ.

ಲೆಕ್ಕ ನೋಡಿ. 100 ಗ್ರಾಂ ದಾಳಿಂಬೆ ಕಾಳಿನಲ್ಲಿ ಇರೋ ಕಬ್ಬಿಣಾಂಶ ಸುಮಾರು 0.3 ಮಿಲಿಗ್ರಾಂ. ನಮ್ಮ ಐಸಿಎಂಆರ್, ಅಂದ್ರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, 2020ರಲ್ಲಿ ಹೇಳಿದ ಪ್ರಕಾರ ವಯಸ್ಕ ಹೆಂಗಸಿಗೆ ದಿನಕ್ಕೆ 29 ಮಿಲಿಗ್ರಾಂ ಬೇಕು. ಅಂದ್ರೆ ಒಂದು ಬಟ್ಟಲು ಕಾಳು ತಿಂದ್ರೆ ಬೇಕಾದದ್ದರಲ್ಲಿ ನೂರಕ್ಕೆ ಒಂದು ಪಾಲು ಸಿಗುತ್ತೆ, ಅಷ್ಟೇ. ಗರ್ಭಿಣಿಯರಿಗೆ ಆಶಾ ಕಾರ್ಯಕರ್ತೆ ಬಿಟ್ಟಿಯಾಗಿ ಕೊಡೋ ಐರನ್ ಮಾತ್ರೆ ಗೊತ್ತಲ್ಲ, ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ ಇದೆ. ಆ ಒಂದೇ ಮಾತ್ರೆಯಷ್ಟು ಕಬ್ಬಿಣ ದಾಳಿಂಬೆಯಿಂದ ಬರಬೇಕಾದ್ರೆ 20 ಕಿಲೋ ಕಾಳು ಬಿಡಿಸಬೇಕು. ಮಧ್ಯಮ ಗಾತ್ರದ ಹಣ್ಣಾದ್ರೆ ಹತ್ತಿರ ಹತ್ತಿರ 150 ಹಣ್ಣು. ಮಾತ್ರೆ ತಿಂದ್ರೆ ಹೊಟ್ಟೆ ತೊಳಸುತ್ತೆ ಅಂತ ಅದನ್ನ ಬದಿಗಿಟ್ಟು, ಬದಲಿಗೆ ದಿನಾ ಒಂದು ಲೋಟ ಜ್ಯೂಸ್ ಕುಡೀತಾರಲ್ಲ, ಅಲ್ಲಿ ಏನು ಕಳ್ಕೊಳ್ತಿದ್ದೀವಿ ಅಂತ ಈಗ ಗೊತ್ತಾಯ್ತು.

ಹಾಗಾದ್ರೆ ಆ ಕೆಂಪು ಎಲ್ಲಿಂದ ಬಂತು? ರಕ್ತದ ಕೆಂಪು, ಹಿಮೋಗ್ಲೋಬಿನ್ ಒಳಗೆ ಕಬ್ಬಿಣ ಕೂಡಿಕೊಂಡಿರೋ ಹೀಮ್‌ನಿಂದ ಬರುತ್ತೆ. ದಾಳಿಂಬೆಯ ಕೆಂಪು ಆಂಥೋಸಯಾನಿನ್ ಅನ್ನೋ ಬೇರೇನೇ ಬಣ್ಣದಿಂದ. ನೇರಳೆ ಹಣ್ಣಿನಲ್ಲೂ ಅದೇ ಜಾತಿಯ ಬಣ್ಣ ಇರೋದು. ಗಣೇಶ್ ತಳಿಯ ಕಾಳು ತಿಳಿ ಗುಲಾಬಿ, ಈಗ ಕೊಪ್ಪಳ, ವಿಜಯಪುರ, ಬಾಗಲಕೋಟೆ, ಚಿತ್ರದುರ್ಗದ ತೋಟಗಳಲ್ಲೆಲ್ಲ ಕಾಣೋ ಭಗವಾ ತಳಿಯದ್ದು ಕಡುಗೆಂಪು. ಕಡುಗೆಂಪು ಇದ್ದರೆ ಕಬ್ಬಿಣ ಜಾಸ್ತಿ ಅಂತ ಅಂದ್ಕೊಂಡು ಹುಡುಕಿ ತರೋರಿದ್ದಾರೆ. ಬಣ್ಣಕ್ಕೂ ಕಬ್ಬಿಣಕ್ಕೂ ಸಂಬಂಧ ಇಲ್ಲ.

ಇನ್ನೊಂದು ವಿಷಯ ಇದೆ, ಇದನ್ನ ನಿಮ್ಮ ಅಡುಗೆಮನೆಯಲ್ಲೇ ನೋಡಬಹುದು. ಒಂದು ಕಬ್ಬಿಣದ ಬಾಣಲೆಗೆ ನಾಲ್ಕು ಚಮಚ ದಾಳಿಂಬೆ ರಸ ಹಾಕಿ, ಒಂದು ಚೂರು ಸಿಪ್ಪೆನೂ ಹಾಕಿ, ಸಣ್ಣ ಉರಿಯಲ್ಲಿ ಬಿಸಿ ಮಾಡಿ. ಕೆಂಪು ಹೋಗಿ ಅಂಚಿನಿಂದ ಕಪ್ಪಾಗ್ತಾ ಬರುತ್ತೆ, ಸ್ವಲ್ಪ ಹೊತ್ತಿಗೆ ಶಾಯಿ ಹಾಗೆ ಕಾಣುತ್ತೆ. ದಾಳಿಂಬೆಯಲ್ಲಿರೋ ಟ್ಯಾನಿನ್, ಅಂದ್ರೆ ನಾಲಿಗೆಗೆ ಒಗರು ಕೊಡೋ ಅಂಶ, ಕಬ್ಬಿಣವನ್ನ ಹಿಡ್ಕೊಂಡಿದ್ದರಿಂದ ಹಾಗಾಯ್ತು. ಬಟ್ಟೆಗೆ ಕಪ್ಪು ಬಣ್ಣ ಹಾಕೋರು ದಾಳಿಂಬೆ ಸಿಪ್ಪೆಗೆ ಕಬ್ಬಿಣದ ನೀರು ಸೇರಿಸೋದು ಇದೇ ಕಾರಣಕ್ಕೆ. ಟ್ಯಾನಿನ್ ಹೊಟ್ಟೆಯಲ್ಲೂ ಕಬ್ಬಿಣವನ್ನ ಹೀಗೇ ಹಿಡಿದಿಡುತ್ತೆ, ದೇಹಕ್ಕೆ ಸೇರೋಕೆ ಬಿಡಲ್ಲ. ಕಾಫಿ, ಚಹಾ ಜೊತೆ ಐರನ್ ಮಾತ್ರೆ ಬೇಡ ಅಂತ ಡಾಕ್ಟ್ರು ಹೇಳೋದು ಇದಕ್ಕೇ. ಅದಕ್ಕೆ ಐರನ್ ಮಾತ್ರೆಯನ್ನ ದಾಳಿಂಬೆ ಜ್ಯೂಸ್ ಜೊತೆ ನುಂಗಬೇಡಿ. ನಿಂಬೆಹಣ್ಣಿನ ನೀರಿನ ಜೊತೆ ತಗೊಳ್ಳಿ, ದಾಳಿಂಬೆಯನ್ನ ಎರಡು ಗಂಟೆ ಬಿಟ್ಟು ತಿನ್ನಿ.

ಊಟದಿಂದಲೇ ಕಬ್ಬಿಣ ಬರಬೇಕು ಅಂದ್ರೆ ನಮ್ಮಲ್ಲಿ ಹುರುಳಿಕಾಳಿದೆ, 100 ಗ್ರಾಂಗೆ 8 ಮಿಲಿಗ್ರಾಂಗೂ ಹೆಚ್ಚು. ರಾಗಿಯಲ್ಲಿ ನಾಲ್ಕೂವರೆ. ಹುರುಳಿ ಮೊಳಕೆ ಬರಿಸಿ, ಸಾರು ಮಾಡಿ, ಇಳಿಸಿದ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿ. ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಜನಕ್ಕೆ ರಕ್ತಹೀನತೆ ಇದೆ ಅಂತ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಇಷ್ಟು ದೊಡ್ಡ ಕಷ್ಟಕ್ಕೆ ಒಂದು ಹಣ್ಣಿನ ಬಣ್ಣ ನಂಬಿಕೊಂಡು ಕೂತಿರೋದು ನನಗೆ ನಿಜವಾಗ್ಲೂ ಸಂಕಟ ಆಗುತ್ತೆ.

ಹಾಗಂತ ದಾಳಿಂಬೆ ತಿನ್ನಬೇಡಿ ಅಂತ ಅಲ್ಲ. ಅದರಲ್ಲಿ ಏನಿದೆಯೋ ಅದಕ್ಕಾಗಿ ತಿನ್ನಿ. 100 ಗ್ರಾಂ ಕಾಳಿನಲ್ಲಿ 4 ಗ್ರಾಂ ನಾರಿದೆ, ಫೋಲೇಟ್ ಅನ್ನೋ ಬಿ ವಿಟಮಿನ್ ಇದೆ, ಪೊಟ್ಯಾಸಿಯಂ ಸುಮಾರು 236 ಮಿಲಿಗ್ರಾಂ. ಪ್ಯುನಿಕಲಾಜಿನ್ ಅನ್ನೋ ಒಂದು ಟ್ಯಾನಿನ್ ಇದೆ, ಅದನ್ನ ನಮ್ಮ ಕರುಳಿನ ಬ್ಯಾಕ್ಟೀರಿಯಾ ಒಡೆದು ಯೂರೊಲಿಥಿನ್ ಅನ್ನೋ ಅಂಶ ಮಾಡುತ್ತೆ. ಇದು ಎಲ್ಲರ ಹೊಟ್ಟೆಯಲ್ಲೂ ಒಂದೇ ಥರ ನಡೆಯಲ್ಲ, ಕೆಲವರಲ್ಲಿ ನಡೆಯೋದೇ ಇಲ್ಲ. ಬಿಪಿ ಸ್ವಲ್ಪ ಇಳಿಯುತ್ತೆ ಅನ್ನೋದಕ್ಕೆ ಅಧ್ಯಯನಗಳ ಆಧಾರ ಇದೆ, ಆದ್ರೆ ಅವು ಚಿಕ್ಕ ಅಧ್ಯಯನಗಳು, ಇಳಿಯೋದೂ ಕೆಲವೇ ಅಂಕಿ. ಬಿಪಿ ಮಾತ್ರೆ ಬಿಡೋ ಹಾಗಿಲ್ಲ. ಇದಕ್ಕಿಂತ ಹೆಚ್ಚು ಹೇಳೋರನ್ನ ನಂಬಬೇಡಿ. ಅಮೆರಿಕದಲ್ಲಿ ಪಾಮ್ ವಂಡರ್‌ಫುಲ್ ಅನ್ನೋ ದಾಳಿಂಬೆ ಜ್ಯೂಸ್ ಕಂಪನಿ ಹೃದ್ರೋಗ, ಪ್ರೊಸ್ಟೇಟ್ ಕ್ಯಾನ್ಸರ್‌ಗೆಲ್ಲ ತನ್ನ ಜ್ಯೂಸ್ ಒಳ್ಳೇದು ಅಂತ ಜಾಹೀರಾತು ಕೊಟ್ಟಿತ್ತು. ವ್ಯಾಪಾರದ ಮೋಸ ತಡೆಯೋ ಅಲ್ಲಿನ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2013ರಲ್ಲಿ ಅದು ದಾರಿ ತಪ್ಪಿಸೋ ಜಾಹೀರಾತು ಅಂತ ತೀರ್ಪು ಕೊಡ್ತು, 2015ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಆ ತೀರ್ಪನ್ನ ಬಹುಪಾಲು ಎತ್ತಿಹಿಡೀತು. ನಮ್ಮ ವಾಟ್ಸಾಪ್‌ನಲ್ಲಿ ಓಡಾಡೋ ಮಾತುಗಳು ಇವತ್ತಿಗೂ ಅವೇ.

ಜ್ಯೂಸ್ ಬಗ್ಗೆ ನನ್ನ ಅಭಿಪ್ರಾಯ ಖಡಾಖಂಡಿತ: ಕಾಳು ತಿನ್ನಿ, ಜ್ಯೂಸ್ ಬಿಡಿ. 250 ಮಿಲಿ ಜ್ಯೂಸ್‌ಗೆ ಮೂರು ಹಣ್ಣು ಬೇಕು. ಆ ಮೂರು ಹಣ್ಣಿನ ನಾರು ಪೂರ್ತಿ ಜರಡಿಯಲ್ಲಿ ಉಳಿಯುತ್ತೆ, ಸಕ್ಕರೆ ಮಾತ್ರ ಲೋಟಕ್ಕೆ ಇಳಿಯುತ್ತೆ, ಸುಮಾರು 30 ಗ್ರಾಂ, ಅಂದ್ರೆ ಆರು ಚಮಚ. ಅಂಗಡಿಯವರು ಮೇಲೆ ಹಾಕೋ ಸಕ್ಕರೆ ಬೇರೆ. ಸಕ್ಕರೆ ಕಾಯಿಲೆ ಇರೋರು ಅರ್ಧ ಹಣ್ಣಿನ ಕಾಳನ್ನ ಬೀಜ ಸಮೇತ ಅಗಿದು ತಿನ್ನಿ. ರಸ ಹೀರಿ ಬೀಜ ಉಗಿಯೋದು ಬೇಡ, ನಾರಿರೋದು ಆ ಬೀಜದಲ್ಲೇ. ಎಳೇ ಮಕ್ಕಳಿಗೆ ಮಾತ್ರ ಇಡೀ ಕಾಳು ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ, ಹಿಂಡಿ ಕೊಡಿ.

ಯಾರು ಹುಷಾರಾಗಿರಬೇಕು? ಕಿಡ್ನಿ ತೊಂದರೆ ಇರೋರು, ಡಯಾಲಿಸಿಸ್‌ನಲ್ಲಿರೋರು. ಒಂದು ಲೋಟ ಜ್ಯೂಸ್‌ನಲ್ಲಿ 500 ಮಿಲಿಗ್ರಾಂಗೂ ಹೆಚ್ಚು ಪೊಟ್ಯಾಸಿಯಂ ಹೋಗುತ್ತೆ. ಬಿಪಿಗೆ ಎನಾಲಪ್ರಿಲ್, ರಾಮಿಪ್ರಿಲ್, ಟೆಲ್ಮಿಸಾರ್ಟನ್, ಅಥವಾ ಸ್ಪೈರೊನೊಲ್ಯಾಕ್ಟೋನ್ ತಗೊಳ್ಳೋರಿಗೆ ಆ ಮಾತ್ರೆಗಳೇ ಪೊಟ್ಯಾಸಿಯಂ ಏರಿಸ್ತವೆ, ಅದರ ಮೇಲೆ ದಿನಾ ಜ್ಯೂಸ್ ಬೇಡ. ರಕ್ತ ಹೆಪ್ಪುಗಟ್ಟದ ಹಾಗೆ ಕೊಡೋ ವಾರ್ಫರಿನ್ ಮಾತ್ರೆ ತಗೊಳ್ಳೋರಲ್ಲಿ ರಕ್ತ ತೆಳುವಾಗೋ ಲೆಕ್ಕ ಏರುಪೇರಾದ ಪ್ರಕರಣಗಳು ದಾಖಲಾಗಿವೆ, ಡಾಕ್ಟ್ರಿಗೆ ಹೇಳಿಯೇ ತಿನ್ನಿ. ಮಲಬದ್ಧತೆ ಇರೋರು ಬಿಳಿ ಪೊರೆ, ಸಿಪ್ಪೆ ಮುಟ್ಟಬೇಡಿ. ಬೇರಿನ ತೊಗಟೆ ಕಷಾಯ ಅಂತೂ ಯಾರೂ ಮಾಡಬೇಡಿ. ಹಿಂದೆ ಲಾಡಿಹುಳಕ್ಕೆ ಕೊಡ್ತಿದ್ರು ನಿಜ, ಆದ್ರೆ ಅದರಲ್ಲಿ ಪೆಲ್ಲೆಟಿಯರಿನ್ ಅನ್ನೋ ವಿಷದ ಅಂಶ ಇದೆ. ಪ್ರಮಾಣ ತಪ್ಪಿದ್ರೆ ವಾಂತಿ, ತಲೆಸುತ್ತು, ಕಣ್ಣು ಮಂಜಾಗೋದು, ಎಲ್ಲ ಆಗುತ್ತೆ. ವಿದೇಶದಲ್ಲಿರೋರಿಗೆ ಒಂದು ಮಾತು: ಪ್ಯಾಕೆಟ್‌ನಲ್ಲಿ ಬರೋ ಫ್ರೋಜನ್ ಹಣ್ಣಿನ ಮಿಶ್ರಣದಲ್ಲಿದ್ದ ದಾಳಿಂಬೆ ಕಾಳಿನಿಂದ 2013ರಲ್ಲಿ ಅಮೆರಿಕದಲ್ಲಿ 160ಕ್ಕೂ ಹೆಚ್ಚು ಜನಕ್ಕೆ ಹೆಪಟೈಟಿಸ್ ಎ ಅನ್ನೋ ಲಿವರ್ ಸೋಂಕು ಬಂದಿತ್ತು. ಇಡೀ ಹಣ್ಣು ತಂದು ಬಿಡಿಸಿಕೊಳ್ಳೋದೇ ವಾಸಿ.

ಹಣ್ಣು ಆರಿಸುವಾಗ ಹೊಳಪು ನೋಡಬೇಡಿ, ತೂಕ ನೋಡಿ. ಒಂದೇ ಗಾತ್ರದ ಎರಡರಲ್ಲಿ ಭಾರ ಇರೋದನ್ನ ತಗೊಳ್ಳಿ. ಚೆಂಡಿನ ಹಾಗೆ ಪೂರ್ತಿ ದುಂಡಗಿರೋದಕ್ಕಿಂತ ಮೈ ಸ್ವಲ್ಪ ಚಪ್ಪಟೆಯಾಗಿ ಮೂಲೆ ಮೂಡಿರೋದು ಚೆನ್ನಾಗಿ ಬಲಿತಿರುತ್ತೆ. ಗಾತ್ರಕ್ಕೆ ಹಗುರ ಇದ್ದು, ಹಣ್ಣಿನ ತುದಿಯ ಕಿರೀಟದ ಹತ್ತಿರ ಒತ್ತಿದ್ರೆ ಮೆತ್ತಗಿದ್ದರೆ ಒಳಗೆ ಕೊಳೆತಿರಬಹುದು. ಕಂದು ಬಣ್ಣಕ್ಕೆ ತಿರುಗಿದ ಕಾಳು ಎಸೆಯಿರಿ.

ಬಿಡಿಸುವಾಗ ನಡುವೆ ಅಡ್ಡಡ್ಡ ಕತ್ತರಿಸೋದೇ ದೊಡ್ಡ ತಪ್ಪು. ಚಾಕು ನೂರಾರು ಕಾಳು ಸೀಳುತ್ತೆ, ರಸ ಸೋರುತ್ತೆ. ಕಿರೀಟದ ಸುತ್ತ ಸಿಪ್ಪೆಯಷ್ಟೇ ಆಳಕ್ಕೆ ಚಾಕು ಆಡಿಸಿ ಮುಚ್ಚಳದ ಹಾಗೆ ಎತ್ತಿ. ಒಳಗೆ ಬಿಳಿ ಪೊರೆಯ ಗೋಡೆಗಳು ಕಾಣ್ತವೆ. ಆ ಗೋಡೆ ಇರೋ ಜಾಗದ ನೇರಕ್ಕೆ ಹೊರಗಿನ ಸಿಪ್ಪೆ ಮೇಲೆ ಮೇಲಿಂದ ಕೆಳಗೆ ಗೀರಿ, ಕೈಯಿಂದ ಬಿಡಿಸಿದ್ರೆ ತೊಳೆ ತೊಳೆಯಾಗಿ ತೆರೆಯುತ್ತೆ. ಅಗಲ ಪಾತ್ರೆಯ ನೀರಿನೊಳಗೆ ಉದುರಿಸಿ, ಕಾಳು ಮುಳುಗುತ್ತೆ, ಪೊರೆ ತೇಲುತ್ತೆ. ಸೋಸಿ, ಬಟ್ಟೆ ಮೇಲೆ ಹರಡಿ ಒಣಗಿಸಿ, ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿಟ್ರೆ ನಾಲ್ಕು ದಿನ ಇರುತ್ತೆ. ಒದ್ದೆ ಇಟ್ರೆ ಎರಡೇ ದಿನಕ್ಕೆ ಹುಳಿ ವಾಸನೆ.

ಮೊಸರನ್ನಕ್ಕೆ ಕಾಳು ಹಾಕೋದು ಬಡಿಸೋ ಹೊತ್ತಿಗೆ. ಮೊದಲೇ ಕಲಸಿಟ್ರೆ ಬಣ್ಣ ಬಿಟ್ಟು ಅನ್ನ ಬೂದು ಗುಲಾಬಿ ಆಗುತ್ತೆ. ಕೋಸಂಬರಿಗೂ ಹಾಗೇ, ಉಪ್ಪು ಬಿದ್ದ ತಕ್ಷಣ ಸೌತೆಕಾಯಿ, ದಾಳಿಂಬೆ ಎರಡೂ ನೀರು ಬಿಡ್ತವೆ. ಇರಾನಿನವರು ರಸವನ್ನ ಗಟ್ಟಿಯಾಗೋವರೆಗೆ ಕುದಿಸಿ, ಅಕ್ರೋಟ್ ಪುಡಿ ಜೊತೆ ಫೆಸೆಂಜಾನ್ ಅನ್ನೋ ಸಾರು ಮಾಡ್ತಾರೆ. ಆ ಪಾಕ ಮನೆಯಲ್ಲಿ ಮಾಡೋದಾದ್ರೆ ಒಂದು ಲೀಟರ್ ರಸವನ್ನ ಅಗಲವಾದ ಸ್ಟೀಲ್ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಕಾಲು ಲೀಟರ್‌ಗೆ ಇಳಿಸಿ. ಭಗವಾ ಹಣ್ಣಿನಲ್ಲಿ ಹುಳಿ ಕಡಿಮೆ, ಎರಡು ದೊಡ್ಡ ಚಮಚ ನಿಂಬೆರಸ ಸೇರಿಸಲೇಬೇಕು. ಬಿಸಿ ಇರುವಾಗ ನೀರಾಗಿ ಕಾಣುತ್ತೆ ಅಂತ ಇನ್ನೂ ಕುದಿಸಿದ್ರೆ ಆರಿದ ಮೇಲೆ ಅಂಟು ಕಟ್ಟಿ ಕಹಿಯಾಗುತ್ತೆ. ರಸ ತೆಗೆಯೋಕೆ ಮಿಕ್ಸಿಯನ್ನ ಎರಡು ಮೂರು ಸಲ ತಿರುಗಿಸಿ ನಿಲ್ಲಿಸಿ, ಬೀಜ ಪುಡಿಯಾದ್ರೆ ಒಗರು.

ಕೊನೆಗೆ ಸಿಪ್ಪೆ. ಮಲೆನಾಡು, ಕರಾವಳಿಯಲ್ಲಿ ಹೊಟ್ಟೆ ಕೆಟ್ಟಾಗ ಮಾಡೋ ಸಿಪ್ಪೆ ತಂಬುಳಿ ನನ್ನ ಲೆಕ್ಕದಲ್ಲಿ ದಾಳಿಂಬೆಯ ಅತಿ ಜಾಣತನದ ಬಳಕೆ. ಆದ್ರೆ ಆ ಸಿಪ್ಪೆ ಹಿತ್ತಿಲ ಗಿಡದ್ದು. ಮಾರುಕಟ್ಟೆ ಹಣ್ಣಿಗೆ ಅಂಗಮಾರಿ ರೋಗ ತಡೆಯೋಕೆ ತಾಮ್ರದ ಔಷಧಿಯನ್ನೂ, ಕೀಟಕ್ಕೆ ಬೇರೆ ಬೇರೆ ಔಷಧಿಯನ್ನೂ ಮತ್ತೆ ಮತ್ತೆ ಸಿಂಪಡಿಸ್ತಾರೆ, ಅದು ಬೀಳೋದು ಸಿಪ್ಪೆ ಮೇಲೆ. ಹಾಗಾಗಿ ಅಂಗಡಿ ಹಣ್ಣಿನ ಸಿಪ್ಪೆ ಒಣಗಿಸಿ ಟೀ ಮಾಡಿ ಅನ್ನೋ ರೀಲ್ಸ್ ನೋಡಿ ಮೋಸ ಹೋಗಬೇಡಿ. ಔಷಧಿ ಹೊಡೆಯದ ಗಿಡದ ಸಿಪ್ಪೆ ಸಿಕ್ಕಿದ್ರೆ ನೆರಳಲ್ಲಿ ಒಣಗಿಸಿಡಿ. ಎರಡು ಇಂಚಿನಷ್ಟು ಸಿಪ್ಪೆ, ಅರ್ಧ ಚಮಚ ಜೀರಿಗೆ, ಆರು ಕಾಳುಮೆಣಸು, ಇಷ್ಟನ್ನ ಒಂದು ಚಮಚ ತುಪ್ಪದಲ್ಲಿ ಹುರಿಯಿರಿ. ಕಾಲು ಕಪ್ ಕಾಯಿತುರಿ ಜೊತೆ ನುಣ್ಣಗೆ ರುಬ್ಬಿ, ಒಂದೂವರೆ ಕಪ್ ಮಜ್ಜಿಗೆ, ಉಪ್ಪು ಸೇರಿಸಿ. ಸಿಪ್ಪೆ ಜಾಸ್ತಿ ಆಗಿ ಒಗರು ಬಂದ್ರೆ ನೀರು ಸುರೀಬೇಡಿ, ಇನ್ನಷ್ಟು ಕಾಯಿ ರುಬ್ಬಿ ಹಾಕಿ. ಸಾಸಿವೆ ಒಗ್ಗರಣೆ ಕೊಟ್ಟ ಮೇಲೆ ಒಲೆ ಮೇಲೆ ಇಡಬೇಡಿ, ಮಜ್ಜಿಗೆ ಒಡೆಯುತ್ತೆ. ಬಿಸಿ ಅನ್ನದ ಮೇಲೆ ತಣ್ಣಗೇ ಬಡಿಸಿ.