ಪರದೆಯ ಮೇಲಿನ ಕಡಲು

ಕೇಳುಗರೇ, ನಮಸ್ಕಾರ.

ಇಂಗ್ಲೆಂಡಿನ ಕಡಲ ಚಿತ್ರಕಾರ ಕ್ಲಾರ್ಕ್‌ಸನ್ ಸ್ಟ್ಯಾನ್‌ಫೀಲ್ಡ್ ಹುಟ್ಟಿದ್ದು 1793ರಲ್ಲಿ, ಸಂಡರ್‌ಲ್ಯಾಂಡ್ ಎಂಬ ಬಂದರು ಪಟ್ಟಣದಲ್ಲಿ. ತಂದೆ ನಟ. ಅದಕ್ಕೂ ಮೊದಲು ಗುಲಾಮರನ್ನು ಸಾಗಿಸುವ ಹಡಗಿನಲ್ಲಿ ದುಡಿದು, ಅಲ್ಲಿ ಕಂಡ ಕ್ರೌರ್ಯವನ್ನು ಬರೆದು ಬಯಲಿಗೆಳೆದವರು. ಗುಲಾಮರ ವ್ಯಾಪಾರದ ವಿರುದ್ಧ ಹೋರಾಡಿದ ಥಾಮಸ್ ಕ್ಲಾರ್ಕ್‌ಸನ್ ಅವರ ಹೆಸರನ್ನೇ ಮಗನಿಗಿಟ್ಟರು. ಹೀಗೆ ಸಮುದ್ರ, ರಂಗಭೂಮಿ ಎರಡೂ ಆ ಮನೆಯಲ್ಲೇ ಇದ್ದವು.

1808ರಲ್ಲಿ ನೌಕಾಪಡೆಯವರು ಹುಡುಗನನ್ನು ಬಲವಂತವಾಗಿ ಸೇರಿಸಿಕೊಂಡರು. ಅವನು ದುಡಿದ ‘ನಮೂರ್’ ಎಂಬ ಯುದ್ಧನೌಕೆಗೆ ಮುಂದೆ ಕ್ಯಾಪ್ಟನ್ ಆಗಿ ಬಂದವರು ಕಾದಂಬರಿಗಾರ್ತಿ ಜೇನ್ ಆಸ್ಟೆನ್ ಅವರ ತಮ್ಮ ಚಾರ್ಲ್ಸ್. ಆ ಹಡಗಿನ ಮೇಲೆ ನಾವಿಕರು ನಾಟಕ ಆಡುತ್ತಿದ್ದರು. ಪರದೆ ಬರೆಯುವ ಕೆಲಸ ಸ್ಟ್ಯಾನ್‌ಫೀಲ್ಡ್‌ಗೆ ಬಿತ್ತು. ಗಾಯಗೊಂಡು 1814ರಲ್ಲಿ ನೌಕಾಪಡೆ ಬಿಟ್ಟರು. ವ್ಯಾಪಾರಿ ಹಡಗಿನಲ್ಲಿ ಚೀನಾಕ್ಕೆ ಹೋಗಿ ಬಂದ ಮೇಲೆ ಲಂಡನ್ನಿನ ರಂಗಮಂದಿರಗಳು ಕೈಬೀಸಿ ಕರೆದವು.

ಡ್ರೂರಿ ಲೇನ್ ರಂಗಮಂದಿರದಲ್ಲಿ ಅವರು ಬರೆದ ಉದ್ದನೆಯ ಚಿತ್ರಪಟ ಪ್ರೇಕ್ಷಕರ ಕಣ್ಣೆದುರೇ ಸುರುಳಿಯಿಂದ ಸುರುಳಿಗೆ ಸರಿಯುತ್ತಿತ್ತು. ಆ ಬಣ್ಣದ ಸ್ವಭಾವವನ್ನು ಸ್ವಲ್ಪ ಗಮನಿಸಿ. ಅಂಟುನೀರಿನಲ್ಲಿ ಕಲಸಿದ ಬಣ್ಣ ಹಸಿಯಾಗಿದ್ದಾಗ ಗಾಢ, ಒಣಗಿದಾಗ ತಿಳಿ. ಅಲೆಯ ಹಸಿರು ನಾಳೆಗೆ ಎಷ್ಟು ಉಳಿದೀತೆಂಬುದನ್ನು ಇಂದೇ ಅಂದಾಜು ಮಾಡಿ ಕುಂಚ ಎಳೆಯಬೇಕು. ತಿದ್ದುತ್ತಾ ಕೂರಲು ಸಮಯವಿಲ್ಲ. ಅವರ ತೈಲಚಿತ್ರಗಳಲ್ಲಿ ನನಗೆ ಬಹಳ ಇಷ್ಟವಾಗುವ ಆ ನಿಸ್ಸಂಕೋಚದ ಕೈ ಪಳಗಿದ್ದು ಇಲ್ಲಿಯೇ ಎಂದು ನಾನು ನಂಬುತ್ತೇನೆ. ಹಾಯಿ, ಹಗ್ಗಗಳ ವಿಷಯದಲ್ಲಂತೂ ಅವರು ಯಾರನ್ನೂ ಕೇಳಬೇಕಾಗಿರಲಿಲ್ಲ. ಅವನ್ನು ಎಳೆದ ಕೈ ಅದು.

1835ರಲ್ಲಿ ಲಂಡನ್ನಿನ ಕಲಾಸಂಸ್ಥೆ ರಾಯಲ್ ಅಕಾಡೆಮಿಯ ಪೂರ್ಣ ಸದಸ್ಯತ್ವ ಸಿಕ್ಕಿತು. ಮರುವರ್ಷ ಟ್ರಫಾಲ್ಗರ್ ನೌಕಾಕದನದ ದೊಡ್ಡ ಚಿತ್ರ ಪ್ರದರ್ಶನಗೊಂಡಿತು. ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬರುವ ಹೊತ್ತಿಗೆ ಅವರು ಹೆಸರಾಂತ ಚಿತ್ರಕಾರರಾಗಿದ್ದರು.

ರಂಗಪರದೆಗೆ ಆಯುಸ್ಸು ಕಡಿಮೆ. ಆಟ ಮುಗಿದರೆ ಅದೇ ಬಟ್ಟೆಯ ಮೇಲೆ ಬೇರೆ ದೃಶ್ಯ ಬರೆಯುತ್ತಾರೆ. ಸಾವಿರಾರು ಜನ ಬೆರಗಾಗಿ ನೋಡಿದ ಅವರ ಕಡಲುಗಳು ಹೀಗೆಯೇ ಅಳಿಸಿಹೋದವು ಎನ್ನುವಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಉಳಿದ ಒಂದರ ಕಥೆ ಹೇಳುತ್ತೇನೆ. ಗೆಳೆಯ, ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ 1855ರಲ್ಲಿ ತಮ್ಮ ಮನೆಯಲ್ಲೇ ‘ದಿ ಲೈಟ್‌ಹೌಸ್’ ನಾಟಕ ಆಡಿಸಿದರು. ಅರವತ್ತು ದಾಟಿದ್ದ ಸ್ಟ್ಯಾನ್‌ಫೀಲ್ಡ್ ಆ ನಾಟಕಕ್ಕಾಗಿ ಎಡಿಸ್ಟೋನ್ ದೀಪಸ್ತಂಭದ ಪರದೆಯೊಂದನ್ನು ಬರೆದುಕೊಟ್ಟರು. ಒಂದೆರಡು ಬೆಳಗಿನ ಕೆಲಸ. ಡಿಕನ್ಸ್ ಅದನ್ನು ಅಳಿಸಲು ಬಿಡದೆ ಮನೆಯ ಹಜಾರದಲ್ಲಿ ತೂಗುಹಾಕಿದರು. ಸ್ಟ್ಯಾನ್‌ಫೀಲ್ಡ್ 1867ರಲ್ಲಿ ತೀರಿಕೊಂಡರು, ಡಿಕನ್ಸ್ 1870ರಲ್ಲಿ. ಆ ವರ್ಷದ ಹರಾಜಿನಲ್ಲಿ ಆ ಪರದೆ ಸುಮಾರು 1000 ಗಿನಿಗಳಿಗೆ (ಪೌಂಡಿಗಿಂತ ತುಸು ಹೆಚ್ಚಿನ ಆಗಿನ ಇಂಗ್ಲೆಂಡಿನ ಹಣದ ಲೆಕ್ಕ) ಹೋಯಿತು.