ಹೊಸ ಸ್ಪೀಕರ್ ಪಳಗಬೇಕಾ?

ಕೇಳುಗರಿಗೆ ನಮಸ್ಕಾರ.

ಹೊಸ ಸ್ಪೀಕರ್ ಕೊಳ್ಳುವಾಗ ಅಂಗಡಿಯವರು ಒಂದು ಮಾತು ಹೇಳುವುದುಂಟು. "ಈಗಲೇ ಏನೂ ಹೇಳಬೇಡಿ. ನೂರು ತಾಸು ಬಾರಿಸಿ, ದನಿ ತಾನಾಗಿ ಬಿಚ್ಚಿಕೊಳ್ಳುತ್ತದೆ." ಕಾರವಾರದಲ್ಲಿ ಕೊಂಡರೂ ಇದೇ ಮಾತು, ಶಿರಸಿಯಲ್ಲಿ ಕೊಂಡರೂ ಇದೇ ಮಾತು.

ಪೂರಾ ಸುಳ್ಳೇನಲ್ಲ. ಅಲುಗಿ ದನಿ ಹೊರಡಿಸುವ ಕೋನಿನ ಹಿಂದೆ ಸ್ಪೈಡರ್ ಅಂತ ನೆರಿಗೆ ನೆರಿಗೆಯಾದ ಒಂದು ಬಟ್ಟೆ ಇರುತ್ತದೆ. ರಾಳ ಹಾಕಿ ಗಟ್ಟಿ ಮಾಡಿದ್ದು. ಅಯಸ್ಕಾಂತದ ಸಂದಿಯಲ್ಲಿ ವಾಯ್ಸ್ ಕಾಯಿಲ್, ಅಂದರೆ ಕೋನನ್ನು ಅಲುಗಿಸುವ ತಂತಿಯ ಸುರುಳಿ, ಆಚೀಚೆ ತಾಗದಂತೆ ಹಿಡಿಯುವುದು ಇದರ ಕೆಲಸ. ಹೊಸದರಲ್ಲಿ ಇದು ಬಿಗಿ. ಕೋನ್ ಚೆನ್ನಾಗಿ ಆಡಿದ ಮೇಲೆ ಸ್ವಲ್ಪ ಸಡಿಲಾಗುತ್ತದೆ. ತಗ್ಗಿನ ದನಿ, ಅಂದರೆ ಬಾಸ್, ಹೊರಡಿಸುವ ವೂಫರಿನ ಸಹಜ ಕಂಪನ 50 ಹರ್ಟ್ಜ್ ಇದ್ದದ್ದು 45ರ ಹತ್ತಿರ ಇಳಿಯಬಹುದು. ಆದರೆ ಇದರ ಬಹುಪಾಲು ಮೊದಲ ಕೆಲವು ನಿಮಿಷ, ಹೆಚ್ಚೆಂದರೆ ಕೆಲವು ತಾಸಿನಲ್ಲೇ ಮುಗಿಯುತ್ತದೆ. ಮುಚ್ಚಿದ ಸಣ್ಣ ಪೆಟ್ಟಿಗೆಯಾದರೆ ಒಳಗಿನ ಗಾಳಿಯೇ ಸ್ಪ್ರಿಂಗಿನಂತೆ ಕೋನನ್ನು ತಡೆಯುತ್ತದೆ. ಆ ಗಾಳಿಯ ಬಿಗಿಯ ಮುಂದೆ ಸ್ಪೈಡರಿನದು ಏನೂ ಅಲ್ಲ. ಕಿವಿಗೆ ಬೀಳುವ ವ್ಯತ್ಯಾಸ ಹಾಗಾಗಿ ಅಲ್ಪ. ಏರುದನಿ ಹೊರಡಿಸುವ ಟ್ವೀಟರ್ ಅಲುಗಾಡುವುದೇ ಕಡಿಮೆ, ಅದರ ಸುದ್ದಿ ಬೇಡ.

ತಿಂಗಳಾದ ಮೇಲೆ ದನಿ ಹಿತ ಅನಿಸುತ್ತದಲ್ಲ, ಅಂತ ಕೇಳಬಹುದು. ಅದು ಹೆಚ್ಚಾಗಿ ಕಿವಿಗೆ ಆದ ರೂಢಿ. ನಂಬಿಕೆ ಬಾರದಿದ್ದರೆ ಹೀಗೆ ಮಾಡಿ. ಜೋಡಿಯಲ್ಲಿ ಒಂದನ್ನು ಮಾತ್ರ ವಾರಗಟ್ಟಲೆ ಬಾರಿಸಿ, ಇನ್ನೊಂದು ರಟ್ಟಿನ ಡಬ್ಬದಲ್ಲೇ ಇರಲಿ. ಆಮೇಲೆ ಎರಡನ್ನೂ ಒತ್ತೊತ್ತಿಗೆ ಇಟ್ಟು, ಎರಡರಲ್ಲೂ ಒಂದೇ ದನಿ ಬರುವಂತೆ ಮೋನೋ ಹಾಕಿ. ಮನೆಯವರಲ್ಲಿ ಒಬ್ಬರು ದನಿಯನ್ನು ಒಂದರಿಂದ ಇನ್ನೊಂದಕ್ಕೆ ಸರಿಸುವ ಬ್ಯಾಲೆನ್ಸ್ ಗುಂಡಿ ತಿರುಗಿಸುತ್ತಿರಲಿ, ನೀವು ಕಣ್ಣು ಮುಚ್ಚಿ ಯಾವುದು ಹಳತು ಹೇಳಿ. ಕಷ್ಟ ಇದೆ! ಅದರ ಬದಲು ಸ್ಪೀಕರನ್ನು ಮೂಲೆಯಿಂದ ಎರಡಡಿ ಈಚೆ ಎಳೆದು ನೋಡಿ, ಬಾಸ್ ಬದಲಾದದ್ದು ಯಾರಿಗಾದರೂ ಗೊತ್ತಾಗುತ್ತದೆ. ಇನ್ನೊಂದು ಮಾತು. ಮೊದಲ ದಿನ ಕರ್ಕಶವಾಗಿದ್ದರೆ, ಪಳಗಲಿ ಅಂತ ಸುಮ್ನೆ ಕಾಯಬೇಡಿ. ವಾಪಸು ಕೊಡುವ ಗಡುವು ಅಷ್ಟರಲ್ಲಿ ಮುಗಿದಿರುತ್ತದೆ, ಅಲ್ವಾ?

ನಮ್ಮ ಕರಾವಳಿಯಲ್ಲಿ ದನಿಯನ್ನು ನಿಜವಾಗಿ ಬದಲಿಸುವುದು ಹವೆ. ಮಳೆಗಾಲದಲ್ಲಿ ಮದ್ದಳೆಯ ಚರ್ಮ ಥಂಡಿ ಹೀರಿ ಶ್ರುತಿ ಇಳಿಯುತ್ತದಲ್ಲ, ಕಾಗದದ ಕೋನೂ ಹಾಗೇ ತೇವ ಹೀರಿ ಭಾರವಾಗುತ್ತದೆ. ಉಪ್ಪುಗಾಳಿಗೆ ತಂತಿ ಸಿಕ್ಕಿಸುವ ಜಾಗ ಕಿಲುಬು ಹಿಡಿಯುತ್ತದೆ. ಎಲ್ಲಕ್ಕಿಂತ ಕೆಟ್ಟ ಗತಿ ಕೋನಿನ ಸುತ್ತಲಿನ ಫೋಮ್ ಅಂಚಿನದು. ತೇವಕ್ಕೆ ಅದು ವರ್ಷ ಕಳೆದಂತೆ ಪುಡಿಪುಡಿಯಾಗುತ್ತದೆ, ಬಾರಿಸದೆ ಇಟ್ಟರೂ ಅಷ್ಟೇ. ಕುಮಟಾ, ಹೊನ್ನಾವರದ ಕಡೆ ಇರುವವರು ಕೊಳ್ಳುವಾಗಲೇ ಜಾಲರಿ ತೆಗೆಸಿ ನೋಡಿ, ರಬ್ಬರ್ ಅಂಚಿನದ್ದನ್ನೇ ಆರಿಸಿ. ಮನೆಯಲ್ಲಿ ಈಗಾಗಲೇ ಫೋಮಿನದು ಇದ್ದು ಅಂಚು ಹರಿದಿದ್ದರೆ ಸ್ಪೀಕರ್ ಎಸೆಯಬೇಡಿ. ಕಾಯಿಲ್ ಸರಿ ಇದ್ದರೆ ಅಂಚು ಮಾತ್ರ ಬದಲಿಸಿದರೆ ಸಾಕು.

ನಮಸ್ಕಾರ.